ಎರಡೂ ಕಡೆ ಹದಿನೈದು ಮೀಟರ್

ತರಗತಿಯ ಪರದೆಯ ಮೇಲೆ ಅಪ್ಪನ ಚಿತ್ರ ಬಂದಾಗ ಜೋವೆಲಿನ್ ಪೆನ್ಸಿಲ್ ಕೆತ್ತುತ್ತಿದ್ದಳು. ತಲೆ ಎತ್ತಿ ನೋಡಿದಳು. ಅನುಮಾನವೇ ಇಲ್ಲ, ಅಪ್ಪನೇ. ಹಬ್ಬಕ್ಕೆ ಮಾತ್ರ ಹಾಕುವ ಹಳದಿ ಅಂಗಿ. ಒಂದು ಕಾಲು ಹಳಿಯ ಮೇಲೆ, ಒಂದು ಕಾಲು ತಳ್ಳುಗಾಡಿಯ ಮೇಲೆ. ಹಲ್ಲೆಲ್ಲ ಬಿಟ್ಟು ನಗುತ್ತ ಹೆಬ್ಬೆರಳು ಎತ್ತಿದ್ದ. ಚಿತ್ರದ ನೆತ್ತಿಯಲ್ಲಿ ದಪ್ಪ ಅಕ್ಷರ: ಹಳಿಯ ಮೇಲಿನ ಅಡಚಣೆಗಳು. ಅದಕ್ಕೂ ಹಿಂದಿನ ಚಿತ್ರದಲ್ಲಿ ಸತ್ತ ನಾಯಿ ಇತ್ತು. ಅದರ ಹಿಂದಿನದರಲ್ಲಿ ಕಸದ ರಾಶಿ.

ತರಗತಿ ಗೊಳ್ಳೆಂದಿತು.

"ಇದೇನು ಹೇಳಿ ನೋಡೋಣ?" ಎಂದರು ಎಂಜಿನಿಯರ್ ವಿಲ್ಯಾಫ್ಲೋರ್. ಅವರು ರೈಲ್ವೆ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರು. ಹೆಸರಿನ ಮುಂದೆ ಎಂಜಿನಿಯರ್ ಎಂದು ಸೇರಿಸಿ ಕರೆಯದಿದ್ದರೆ ಅವರಿಗೆ ಕಿವಿಯೇ ಕೇಳಿಸುತ್ತಿರಲಿಲ್ಲ.

ಜೋವೆಲಿನ್ ಎದ್ದು ನಿಂತಳು.

"ಅದು ನಮ್ಮಪ್ಪ, ಸರ್. ಬೆರ್ತಿಂಗ್ ಅಂತ. ಫೋಟೋ ತೆಗೆಯೋಕೆ ಬಂದೋರು ಪೇಪರಿನೋರು ಅಂದ್ಕೊಂಡು ಮನೆಗೆ ಓಡಿ ಹೋಗಿ ಒಳ್ಳೆ ಅಂಗಿ ಹಾಕ್ಕೊಂಡು ಬಂದಿದ್ರು. ಪೇಪರಲ್ಲಿ ಬರ್ಲೇ ಇಲ್ಲ ಅಂತ ಎರಡು ತಿಂಗಳು ಮುಖ ಊದಿಸ್ಕೊಂಡಿದ್ರು. ಇವತ್ತು ಹೋಗಿ ಹೇಳ್ತೀನಿ, ಯೂನಿವರ್ಸಿಟೀಲೇ ಬಂದಿದೆ ಅಂತ."

ನಗು ಅರ್ಧಕ್ಕೇ ನಿಂತಿತು. ಕೆಲವರು ಪುಸ್ತಕದೊಳಗೆ ಮುಖ ಹುದುಗಿಸಿದರು. ವಿಲ್ಯಾಫ್ಲೋರ್ ಗಂಟಲು ಸರಿ ಮಾಡಿಕೊಂಡರು.

"ಮನಸ್ಸಿಗೆ ಹಚ್ಕೋಬೇಡಮ್ಮ. ಇದು ವಿಜ್ಞಾನ," ಎಂದು ಮುಂದಿನ ಚಿತ್ರಕ್ಕೆ ಹೋದರು. ಅದರಲ್ಲಿ ಒಂದು ಎಮ್ಮೆ ಇತ್ತು.

ಜೋವೆಲಿನ್ ಕೂತಳು. ಕೈಯಲ್ಲಿದ್ದ ಪೆನ್ಸಿಲ್ ಎರಡು ತುಂಡಾಗಿತ್ತು. ನಾಯಿ, ಕಸ, ಅಪ್ಪ, ಎಮ್ಮೆ. ಅವಳಿಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಉಳಿದ ಪಾಠವನ್ನು ಒಂದಕ್ಷರ ಬಿಡದೆ ಬರೆದುಕೊಂಡಳು. ಸಿಟ್ಟು ಬಂದರೆ ಓದುವುದು ಅವಳ ಕೆಟ್ಟ ಚಾಳಿ. ಆ ಚಾಳಿಯಿಂದಲೇ ಮೂರನೇ ವರ್ಷದವರೆಗೆ ಬಂದಿದ್ದಳು.

ಅವಳ ಮನೆ ಹಳಿಯಿಂದ ನಾಲ್ಕು ಮೀಟರ್ ದೂರ. ರೈಲು ಹೋದಾಗ ಗಂಜಿಯ ತಟ್ಟೆ ಮೇಜಿನ ಮೇಲೆ ತಾನಾಗಿ ನಡೆದು ತುದಿಗೆ ಬರುತ್ತದೆ, ಮನೆಯವರು ಮಾತು ನಿಲ್ಲಿಸದೆ ಅದನ್ನು ಹಿಂದಕ್ಕೆ ತಳ್ಳುತ್ತಾರೆ. ಅಮ್ಮ ನೆನಿತಾ ಬಾಳೆಹಣ್ಣನ್ನು ಬೆಲ್ಲದಲ್ಲಿ ಕರಿದು ಕಡ್ಡಿಗೆ ಚುಚ್ಚಿ ಮಾರುತ್ತಾಳೆ. ಅಪ್ಪ ಹಳಿಯ ಮೇಲೆ ಜನ ಸಾಗಿಸುತ್ತಾನೆ. ಅಪ್ಪನ ಗಾಡಿ ಎಂದರೆ ಒಂದು ಹಲಗೆ, ಅದರ ಮೇಲೆ ಒಂದು ಬೆಂಚು, ಕೆಳಗೆ ನಾಲ್ಕು ಕಬ್ಬಿಣದ ಚಕ್ರ, ಮೇಲೆ ಹರಿದ ಛತ್ರಿ. ಬಲಗಾಲಿನಿಂದ ಹಳಿಯನ್ನು ಒದೆಯುತ್ತ ಒದೆಯುತ್ತ ಓಡಿಸಬೇಕು. ಅಪ್ಪನ ಬಲಗಾಲಿನ ಚಪ್ಪಲಿ ತಿಂಗಳಿಗೊಂದು ಸವೆಯುತ್ತದೆ. ಎಡಗಾಲಿನದು ಹಾಗೇ ಉಳಿಯುತ್ತದೆ. ಮನೆಯ ಸೂರಿನಡಿ ಮೂವತ್ತು ಎಡಗಾಲಿನ ಚಪ್ಪಲಿಗಳಿವೆ. ಒಂದಲ್ಲ ಒಂದು ದಿನ ಎಡಗಾಲು ಮಾತ್ರ ಇರುವ ಶ್ರೀಮಂತ ಬರುತ್ತಾನೆ ಎಂದು ಅಮ್ಮ ಅವನ್ನು ಎಸೆಯಲು ಬಿಡುವುದಿಲ್ಲ.

ಪ್ರವೇಶದ ಸಂದರ್ಶನದಲ್ಲಿ ಹಳಿಗಳ ನಡುವಿನ ಅಗಲ ಕೇಳಿದ್ದರು. ಬೇರೆಯವರು ಸಾವಿರದ ಅರವತ್ತೇಳು ಮಿಲಿಮೀಟರ್ ಎಂದು ಬಾಯಿಪಾಠ ಒಪ್ಪಿಸಿದರು. ಜೋವೆಲಿನ್, "ಯೂನಿವರ್ಸಿಟಿ ಗೇಟಿನ ಹತ್ರ ಇನ್ನೂ ಎಂಟು ಮಿಲಿಮೀಟರ್ ಜಾಸ್ತಿ ಇದೆ ಸರ್, ಮೊಳೆ ಸಡಿಲ ಆಗಿದೆ, ನಮ್ಮಪ್ಪನ ಗಾಡಿ ಅಲ್ಲಿ ಕುಣಿಯುತ್ತೆ," ಎಂದಿದ್ದಳು. ಅದನ್ನು ತಮಾಷೆ ಎಂದುಕೊಂಡು ಸೀಟು ಕೊಟ್ಟರು. ಎರಡು ವಾರದ ನಂತರ ಅದೇ ಜಾಗದಲ್ಲಿ ಒಂದು ಬೋಗಿ ಹಳಿ ತಪ್ಪಿತು. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ.

ಚಿತ್ರ ತೋರಿಸಿದ ಮರುವಾರವೇ ವಿಲ್ಯಾಫ್ಲೋರ್ ತಾವೇ ಹಳಿಗೆ ಇಳಿದರು. ವಿದೇಶದಿಂದ ಹೊಸ ಅಳತೆ ಗಾಡಿ ಬಂದಿತ್ತು. ಅಲ್ಯೂಮಿನಿಯಂನದು, ಮೇಲೊಂದು ಕುರ್ಚಿ, ಮುಂದೊಂದು ಕಂಪ್ಯೂಟರ್. ವಿಲ್ಯಾಫ್ಲೋರ್ ಟೋಪಿ ಹಾಕಿಕೊಂಡು ಕುರ್ಚಿಯಲ್ಲಿ ಕೂತರು. ಜೋವೆಲಿನ್ ಮತ್ತು ಅವಳ ಸಹಪಾಠಿ ಅರ್ನೆಲ್ ಹಿಂದಿನಿಂದ ತಳ್ಳಿದರು. ಎದುರಿನಿಂದ ಅಪ್ಪನ ಗಾಡಿ ಬಂತು. ಬೆಂಚಿನ ಮೇಲೆ ಒಂಬತ್ತು ಜನ, ಎರಡು ಬುಟ್ಟಿ ಮೀನು.

ಒಂದೇ ಹಳಿಯ ಮೇಲೆ ಎರಡು ಗಾಡಿ ಎದುರಾದರೆ ಯಾರು ಇಳಿಯಬೇಕು ಎಂಬುದಕ್ಕೆ ಅಲ್ಲಿ ಒಂದೇ ಕಾನೂನು. ಕಡಿಮೆ ಜನ ಇರುವ ಗಾಡಿ ಇಳಿಯಬೇಕು. ಮೇಯರ್ ಕೂತಿದ್ದರೂ ಇಳಿಯಬೇಕು. ಇಳಿದು, ಗಾಡಿ ಎತ್ತಿ, ಪಕ್ಕಕ್ಕಿಟ್ಟು, ದಾರಿ ಬಿಡಬೇಕು.

"ಸ್ವಲ್ಪ ಇಳೀರಿ ಸಾಹೇಬ್ರೆ," ಎಂದ ಬೆರ್ತಿಂಗ್. "ನಾವು ಒಂಬತ್ತು, ನೀವೊಬ್ರು."

"ಇದು ಸರ್ಕಾರಿ ಉಪಕರಣ. ನೀನು ಇಳಿ."

"ಉಪಕರಣಕ್ಕೆ ಟಿಕೆಟ್ ಇಲ್ಲ ಸಾಹೇಬ್ರೆ. ಲೆಕ್ಕ ಏನಿದ್ರೂ ತಲೇದು."

"ಮೀನು ಸೇರಿದ್ರೆ ನಾವು ಇನ್ನೂರಿದೀವಿ!" ಎಂದು ಬುಟ್ಟಿಯ ಹೆಂಗಸು ಕೂಗಿದಳು. ಬೆಂಚಿಗೆ ಬೆಂಚೇ ನಕ್ಕಿತು.

ವಿಲ್ಯಾಫ್ಲೋರ್ ಜಗ್ಗಲಿಲ್ಲ. ನಿಯಮಾವಳಿ ಓದತೊಡಗಿದರು. ಓದುತ್ತಿರುವಾಗಲೇ ತಿರುವಿನಾಚೆ ರೈಲು ಕೂಗಿತು. ಅಪ್ಪನ ಗಾಡಿ ನಾಲ್ಕು ಎಣಿಸುವಷ್ಟರಲ್ಲಿ ಹಳಿಯಿಂದ ಹೊರಗಿತ್ತು, ಒಂಬತ್ತು ಜನರೂ ಹೊರಗಿದ್ದರು, ಒಂದು ಮೀನೂ ಬೀಳಲಿಲ್ಲ. ವಿಲ್ಯಾಫ್ಲೋರ್ ಕುರ್ಚಿಯ ಕೈ ಹಿಡಿದು ಕಲ್ಲಾಗಿದ್ದರು. ಬೆರ್ತಿಂಗ್, ಜೋವೆಲಿನ್, ಅರ್ನೆಲ್, ಮೀನಿನ ಹೆಂಗಸು, ನಾಲ್ಕೂ ಜನ ಸೇರಿ ಕುರ್ಚಿ ಸಮೇತ ಅವರನ್ನು ಮದುವೆ ಗಂಡಿನ ಹಾಗೆ ಎತ್ತಿ ಪಕ್ಕಕ್ಕಿಟ್ಟರು. ರೈಲು ಅವರ ಟೋಪಿ ಹಾರಿಸಿಕೊಂಡು ಹೋಯಿತು.

ಮರುದಿನ ತರಗತಿಯಲ್ಲಿ ವಿಲ್ಯಾಫ್ಲೋರ್, ತಳ್ಳುಗಾಡಿಯವರು ಹಳಿ ಬಿಡದೆ ತನ್ನ ಪ್ರಾಣಕ್ಕೇ ಕುತ್ತು ತಂದರೆಂದೂ ತಾನು ಸಮಯಸ್ಫೂರ್ತಿಯಿಂದ ಜಿಗಿದು ಪಾರಾದೆನೆಂದೂ ಹೇಳಿದರು. ಅರ್ನೆಲ್ ಬಾಯಿ ತೆರೆದ. ಜೋವೆಲಿನ್ ಅವನ ಕಾಲು ತುಳಿದಳು. ಆ ದಿನದಿಂದ ವಿಲ್ಯಾಫ್ಲೋರ್ ಹಳಿಯ ಕಡೆ ಸುಳಿಯಲಿಲ್ಲ. ಹವಾನಿಯಂತ್ರಿತ ಕೋಣೆಯಲ್ಲಿ ಕೂತು, ಹೊರಗಿನಿಂದ ಬಂದ ಕಾಗದಗಳಿಗೆ ಸಹಿ ಹಾಕುವುದೇ ಅವರ ಕ್ಷೇತ್ರಕಾರ್ಯವಾಯಿತು.

ಆಮೇಲೆ ಆ ಕೆಲಸ ಬಂತು.

ಹಳಿಯ ನಡುಗೆರೆಯಿಂದ ಹದಿನೈದು ಮೀಟರ್ ಒಳಗೆ ಏನೇನಿದೆಯೋ ಅದಕ್ಕೆಲ್ಲ ಕೆಂಪು ಬಣ್ಣದಲ್ಲಿ ನಂಬರು ಹಾಕಿ ಪಟ್ಟಿ ಮಾಡಬೇಕು. ಪಟ್ಟಿ ತೆರವು ಕಚೇರಿಗೆ ಹೋಗುತ್ತದೆ. ನಂಬರು ಬಿದ್ದ ಮೂವತ್ತನೇ ದಿನ ಸುತ್ತಿಗೆ ಬರುತ್ತದೆ. ಕಚೇರಿಗೆ ಆಳುಗಳ ಖರ್ಚು ಉಳಿಯಲೆಂದು ವಿಶ್ವವಿದ್ಯಾಲಯ ಅದನ್ನು ಮೂರನೇ ವರ್ಷದವರ ಕ್ಷೇತ್ರಾಭ್ಯಾಸ ಮಾಡಿತ್ತು. ಮೂರರಲ್ಲೊಂದು ಪಾಲು ಅಂಕ. ಮಾಡದಿದ್ದರೆ ವರ್ಷ ಹೋಯಿತು, ವರ್ಷ ಹೋದರೆ ವಿದ್ಯಾರ್ಥಿವೇತನ ಹೋಯಿತು.

ಜೋವೆಲಿನ್‌ಗೆ ಸಿಕ್ಕಿದ್ದು ವಿಶ್ವವಿದ್ಯಾಲಯದ ಗೇಟಿನಿಂದ ಒಂದೂವರೆ ಕಿಲೋಮೀಟರ್. ಕೊನೆಯ ಮನೆ ಅವಳದೇ.

ಅವಳು ವಿಲ್ಯಾಫ್ಲೋರರ ಕೋಣೆಗೆ ಹೋದಳು. ಒಳಗೆ ಅಷ್ಟು ತಣ್ಣಗಿತ್ತು, ಬೆವರಿನ ಅಂಗಿ ಬೆನ್ನಿಗೆ ಅಂಟಿ ನಡುಕ ಬಂತು.

"ಸರ್, ನನಗೆ ಬೇರೆ ಜಾಗ ಕೊಡಿ. ನಮ್ಮಮ್ಮನ ಬಾಗಿಲಿಗೆ ನಾನೇ ನಂಬರ್ ಹಾಕೋದು ಹೇಗೆ?"

"ದಾರಿ ನಿನಗೆ ಗೊತ್ತಿದೆ ಅಂತಲೇ ಕೊಟ್ಟಿದ್ದು."

"ಅದಕ್ಕೇ ಸರ್ ಬೇಡ ಅಂತಿರೋದು."

ವಿಲ್ಯಾಫ್ಲೋರ್ ಕನ್ನಡಕ ತೆಗೆದರು. ಅವರಿಗೆ ಉಪದೇಶ ಬಂದಾಗ ಕನ್ನಡಕ ತೆಗೆಯುವ ಅಭ್ಯಾಸ.

"ನೋಡಮ್ಮ, ಅಳತೆ ಟೇಪಿಗೆ ಅಮ್ಮ ಇಲ್ಲ, ಅಪ್ಪ ಇಲ್ಲ. ಬಡವರ ಮನೆ, ಸಾಹುಕಾರರ ಮನೆ ಅಂತ ಗೊತ್ತಾಗಲ್ಲ. ಹದಿನೈದು ಮೀಟರ್ ಅಂದ್ರೆ ಹದಿನೈದು ಮೀಟರ್. ಅಷ್ಟು ನಿಷ್ಠುರ ಆಗೋಕೆ ಆಗ್ದಿದ್ರೆ ಎಂಜಿನಿಯರ್ ಆಗ್ಬೇಡ. ಹೋಗಿ ಬಾಳೆಹಣ್ಣು ಕರಿ."

ಅಮ್ಮನ ಕೈಗಳು ಕಣ್ಣ ಮುಂದೆ ಬಂದವು. ಎಣ್ಣೆ ಸಿಡಿದು ಮೊಣಕೈವರೆಗೆ ಕಪ್ಪು ಚುಕ್ಕೆ ಎದ್ದ ಕೈಗಳು. ಆ ಕೈ ಕರಿದ ಬಾಳೆಹಣ್ಣು ತಿಂದೇ ಈ ಮೆದುಳು ಬೆಳೆದದ್ದು ಎಂದು ಹೇಳಬೇಕೆನಿಸಿತು.

"ಸರಿ ಸರ್. ನಿಯಮ ಪೂರ್ತಿ ಪಾಲಿಸ್ತೀನಿ," ಎಂದಳು.

"ಗುಡ್ ಗರ್ಲ್."

ಹೊರಗೆ ಬಂದು ಕ್ಷೇತ್ರ ಕೈಪಿಡಿ ಬಿಡಿಸಿದಳು. ಬರೆದವರು ಎಂಜಿನಿಯರ್ ವಿಲ್ಯಾಫ್ಲೋರ್. ನಾಲ್ಕನೇ ಪುಟ: ಅಳತೆಯನ್ನು ಹಳಿಯ ಎರಡೂ ಕಡೆ ಮಾಡತಕ್ಕದ್ದು. ಕಿಲೋಮೀಟರ್ ಏರುವ ದಿಕ್ಕಿಗೆ ಮುಖ ಮಾಡಿ, ಮೊದಲು ಎಡಗಡೆ, ನಂತರ ಬಲಗಡೆ, ಕ್ರಮಸಂಖ್ಯೆ ಕೊಡತಕ್ಕದ್ದು. ತೆರವು ಈ ಕ್ರಮ ಬಿಟ್ಟು ನಡೆಯತಕ್ಕದ್ದಲ್ಲ. ಅವಳು ಎರಡು ಸಲ ಓದಿದಳು. ಈವರೆಗೆ ಬೇರೆ ಜಾಗಗಳನ್ನು ಅಳೆದ ಯಾವ ಬ್ಯಾಚೂ ಗೋಡೆಗಳ ಕಡೆ ಅಳೆದಿರಲಿಲ್ಲ. ಇಲ್ಲಿ ಬಲಗಡೆ ತಗಡಿನ ಮನೆಗಳು. ಎಡಗಡೆ ಎತ್ತರದ ಗೋಡೆಗಳು. ಗೋಡೆ ಕಂಡ ಕೂಡಲೇ ಟೇಪು ಸುತ್ತಿಕೊಳ್ಳುವುದು ವಾಡಿಕೆ.

"ಅರ್ನೆಲ್," ಎಂದಳು, "ಟೇಪ್ ಹಿಡಿ. ಎಡಗಡೆಯಿಂದ ಶುರು."

"ಎಡಗಡೆ ನಮ್ಮ ಲ್ಯಾಬ್ ಇದೆಯಲ್ಲೇ."

"ಟೇಪಿಗೆ ಅಪ್ಪ ಅಮ್ಮ ಇಲ್ವಂತೆ. ಹಿಡಿ."

ಅರ್ನೆಲ್ ಹಿಡಿದ. ನಡುಗೆರೆಯಿಂದ ರೈಲ್ವೆ ಎಂಜಿನಿಯರಿಂಗ್ ಪ್ರಯೋಗಾಲಯದ ಹಿಂಗೋಡೆಗೆ ಹನ್ನೊಂದು ಮೀಟರ್ ನಲವತ್ತು. ಅವನು ಟೇಪು ನೋಡಿದ, ಅವಳ ಮುಖ ನೋಡಿದ, ಮತ್ತೆ ಟೇಪು ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ಜಲ್ಲಿಕಲ್ಲಿನ ಮೇಲೆ ಕೂತುಬಿಟ್ಟ. ಜೋವೆಲಿನ್ ಬ್ರಷ್ ಅದ್ದಿ ಗೋಡೆಯ ಮೇಲೆ ಆಳೆತ್ತರಕ್ಕೆ 1 ಎಂದು ಬರೆದಳು. ಉಪಕುಲಪತಿಗಳ ಕಾರಿನ ಷೆಡ್ಡಿಗೆ 2, ಇಪ್ಪತ್ತು ಮಹಡಿಯ ಕಟ್ಟಡದ ಈಜುಕೊಳಕ್ಕೆ 3, ಐಸ್ ಕಾರ್ಖಾನೆಯ ಗೋದಾಮಿಗೆ 4. ಗೋಡೆಗಳ ಬೆನ್ನು ಅವು. ಒಳಗಿರುವವರು ಅತ್ತ ಕಡೆ ಬಂದು ನೋಡಿದ್ದೇ ಇಲ್ಲ. ಹಳಿಯಾಚೆಯಿಂದ ಕಂಡವರಿಗೂ ಅದು ಹುಡುಗರು ಗೀಚಿದ ಗೋಡೆಬರಹವಾಗಿತ್ತು.

ಎಡಗಡೆ ಅರ್ಧ ದಿನದಲ್ಲಿ ಮುಗಿಯಿತು. ಬಲಗಡೆಗೆ ಒಂಬತ್ತು ದಿನ ಬೇಕಾಯಿತು.

ಆ ಒಂಬತ್ತು ದಿನ ಅವಳು ಬೈಸಿಕೊಂಡಷ್ಟು ಹುಟ್ಟಿದಾಗಿನಿಂದ ಬೈಸಿಕೊಂಡಿರಲಿಲ್ಲ. ಅವಳನ್ನು ಎತ್ತಿ ಆಡಿಸಿದವರೇ ಬಾಗಿಲಿಗೆ ಬಂದು ಉಗಿದರು. ಪಕ್ಕದ ಮನೆಯ ಪಾಸಿಂಗಕ್ಕ ಬಟ್ಟೆ ತೊಳೆದ ನೀರನ್ನು ಅವಳ ಕಾಲ ಮೇಲೆ ಸುರಿದಳು.

"ಓದು ಓದು ಅಂತ ನಾನೇ ಪೆನ್ನು ಕೊಡಿಸಿದ್ನಲ್ಲೇ! ನಮ್ಮನೆ ಒಡೆಯೋದು ಓದ್ಕೊಂಡು ಬಂದ್ಯೇನೇ?"

ಜೋವೆಲಿನ್ 211 ಎಂದು ಬರೆದು ಮುಂದೆ ಹೋದಳು. ಗುಟ್ಟು ಬಾಯಿ ತುದಿಗೆ ಬಂದಿತ್ತು. ಆದರೆ ಆ ಕೇರಿಯಲ್ಲಿ ಗುಟ್ಟು ಹೇಳುವುದೂ ಮೈಕಿನಲ್ಲಿ ಕೂಗುವುದೂ ಒಂದೇ. ಮಧ್ಯಾಹ್ನ ಹೇಳಿದರೆ ಸಂಜೆಗೆ ಉಪಕುಲಪತಿಗಳ ಅಡುಗೆಯವಳಿಗೆ ಮುಟ್ಟುತ್ತದೆ. ಹಲ್ಲು ಕಚ್ಚಿದಳು.

ಕೊನೆಗೆ ತನ್ನ ಬಾಗಿಲು. ಅಮ್ಮ ಬಾಣಲೆ ಮುಂದೆ ಕೂತಿದ್ದಳು. ಏಳಲಿಲ್ಲ. ಬೈಯಲಿಲ್ಲ. ಮಗಳು ಎರಡು, ಒಂದು, ಎರಡು ಬರೆಯುವುದನ್ನು ನೋಡುತ್ತ ಕೂತಳು. ಬಾಣಲೆಯ ಹಣ್ಣು ಸೀದು ಕಪ್ಪಾಯಿತು.

"ಊಟ ಮಾಡ್ತೀಯಾ?" ಎಂದಳು ಆಮೇಲೆ.

ಅದೊಂದು ಮಾತಿಗೆ ಜೋವೆಲಿನ್ ಅತ್ತುಬಿಟ್ಟಳು. ಕೈಯಲ್ಲಿದ್ದ ಬಣ್ಣದ ಬ್ರಷ್ಷಿನಿಂದಲೇ ಮೂಗು ಒರೆಸಿಕೊಂಡು ಕೆಂಪು ಮೀಸೆ ಬಂತು. ಅಪ್ಪ ನಗಬಾರದೆಂದು ಗೋಡೆ ಕಡೆ ತಿರುಗಿದ.

ಪಟ್ಟಿ ಇಪ್ಪತ್ತೆರಡು ಪುಟ ಆಯಿತು. ವಿಲ್ಯಾಫ್ಲೋರ್ ಮೊದಲ ಪುಟ ನೋಡಲಿಲ್ಲ. ಕೊನೆಯ ಪುಟ ತೆರೆದು, ಕೊನೆಯ ಸಾಲಿನಲ್ಲಿ 212, ಬೆರ್ತಿಂಗ್ ಎಂದಿದ್ದುದನ್ನು ಓದಿ, "ಇದು ನೋಡು ಎಂಜಿನಿಯರಿಂಗ್ ಅಂದ್ರೆ!" ಎಂದು ಬೆನ್ನು ತಟ್ಟಿ ಸಹಿ ಹಾಕಿದರು. ಅದಲ್ಲದೆ ಬೇರೆ ಪುಟ ನೋಡಬೇಕೆಂದು ಅವರಿಗೆ ತೋಚಲೇ ಇಲ್ಲ. ತೆರವು ಕಚೇರಿಯಲ್ಲೂ ಎಂಜಿನಿಯರ್ ಸಹಿ ಇದ್ದ ಕಾಗದವನ್ನು ಯಾರೂ ಓದುವುದಿಲ್ಲ. ಮುದ್ರೆ ಬಿತ್ತು. ಒಂದೊಂದು ನಂಬರಿನ ಕೆಳಗೂ ಒಂದೊಂದು ನೋಟಿಸು ಅಂಟಿಸಿ ಹೋದರು. ಗೋಡೆಗಳ ಬೆನ್ನಿಗೂ ಅಂಟಿಸಿದರು.

ಮೂವತ್ತನೇ ದಿನ ಬೆಳಗ್ಗೆ ಹತ್ತು ಗಂಟೆ. ಪ್ರಯೋಗಾಲಯದಲ್ಲಿ ವಿಲ್ಯಾಫ್ಲೋರ್ ಹಳಿಯ ಕಂಪನದ ಬಗ್ಗೆ ಪಾಠ ಮಾಡುತ್ತಿದ್ದರು. ಹಿಂಗೋಡೆ ಧಡ್ ಎಂದಿತು. ಕಪಾಟಿನ ಗಾಜು ಅದುರಿತು.

"ರೈಲು," ಎಂದರು ವಿಲ್ಯಾಫ್ಲೋರ್. "ಈ ಕಂಪನದ ಆವರ್ತನವನ್ನ ಗಮನಿಸಿ."

ಮತ್ತೆ ಧಡ್. ಇಟ್ಟಿಗೆಯೊಂದು ಒಳಗೆ ಬಿತ್ತು. ತಣ್ಣನೆಯ ಗಾಳಿ ಉಸ್ಸೆಂದು ಹೊರಗೆ ಹೋಯಿತು, ಮೂರನೇ ಪೆಟ್ಟಿಗೆ ತೂತು ದೊಡ್ಡದಾಗಿ ಅದರಲ್ಲಿ ಒಂದು ಬೆವೆತ ಮುಖ ಕಾಣಿಸಿತು. ಕೆಡಹುವ ಆಳುಗಳ ಮೇಸ್ತ್ರಿ ತಾಸ್ಯೋ. ಅವನೂ ಇನ್ನೊಂದು ಹಳಿಯ ಪಕ್ಕದವನೇ. ಹೋದ ವರ್ಷ ಸ್ವಂತ ಮನೆಯನ್ನು ಕೂಲಿಗೆ ಕೆಡವಿದ್ದ.

"ಒಳಗೆ ಎಂಜಿನಿಯರ್ ವಿಲ್ಯಾಫ್ಲೋರ್ ಅನ್ನೋರು ಇದಾರಾ?" ಎಂದ. "ಸಹಿ ನಿಮ್ದೇ ತಾನೇ? ಒಂದನೇ ನಂಬರ್ ಇದೇ ತಾನೇ? ಖಾತ್ರಿ ಮಾಡ್ಕೊಂಡು ಹೊಡಿಯೋಣ ಅಂತ."

ವಿಲ್ಯಾಫ್ಲೋರ್ ಓಡಿದರು. ತರಗತಿ ಅವರ ಹಿಂದೆ ಓಡಿತು. ಇಪ್ಪತ್ತು ವರ್ಷ ಪಾಠ ಮಾಡಿದ ಕಟ್ಟಡದ ಬೆನ್ನನ್ನು ಅವರು ಮೊದಲ ಸಲ ಕಣ್ಣಿಟ್ಟು ನೋಡಿದರು. ಆಳೆತ್ತರದ ಕೆಂಪು 1. ಅದರ ಪಕ್ಕದಲ್ಲಿ ತೂತು. ಹಳಿಯಾಚೆ ಇಡೀ ಕೇರಿ ನಿಂತಿತ್ತು. ಪಾಸಿಂಗಕ್ಕ ಆ ಒಂದನೇ ನಂಬರನ್ನು ನೋಡಿದಳು, ಜೋವೆಲಿನ್‌ಳನ್ನು ನೋಡಿದಳು, ಬಾಯಿಗೆ ಸೆರಗಿನಂತೆ ಟವೆಲ್ ಒತ್ತಿಕೊಂಡಳು.

"ನಿಲ್ಲಿಸು! ಇದು ವಿಶ್ವವಿದ್ಯಾಲಯ!"

"ಆಗ್ಲಿ ಸರ್. ಕಾಗದದಲ್ಲಿ ಒಂದನೇ ನಂಬರ್ ಅಂತಿದೆ. ಕ್ರಮ ತಪ್ಪಿಸೋ ಹಾಗಿಲ್ಲ. ಒಂದನ್ನ ಬಿಟ್ರೆ ಪೂರ್ತಿ ಪಟ್ಟೀನೇ ರದ್ದು."

"ಯಾರಿದನ್ನ ಬರೆದದ್ದು?" ಎಂದು ವಿಲ್ಯಾಫ್ಲೋರ್ ತಿರುಗಿದರು. ಅವರಿಗೆ ಗೊತ್ತಿತ್ತು.

"ನಾನು ಸರ್," ಎಂದಳು ಜೋವೆಲಿನ್. "ನಿಮ್ಮ ಪುಸ್ತಕ, ಪುಟ ನಾಲ್ಕು. ಹನ್ನೊಂದು ಮೀಟರ್ ನಲವತ್ತು. ಬೇಕಾದ್ರೆ ಇನ್ನೊಂದ್ಸಲ ಅಳೀರಿ, ಟೇಪ್ ತಂದಿದೀನಿ."

ಅರ್ನೆಲ್ ಟೇಪಿನ ತುದಿ ಹಿಡಿದು ಆಗಲೇ ನಡುಗೆರೆಯ ಮೇಲೆ ನಿಂತಿದ್ದ. ಯಾರೂ ಕರೆದಿರಲಿಲ್ಲ.

ಫೋನು ಬಡಿದುಕೊಂಡಿತು. ಎರಡನೇ ನಂಬರಿನ ಷೆಡ್ಡಿನ ಉಪಕುಲಪತಿಗಳು. ವಿಲ್ಯಾಫ್ಲೋರ್ ಹತ್ತು ಸಲ "ಹೌದು ಸರ್" ಎಂದು, ಹನ್ನೊಂದನೆಯ ಸಲ "ಈಗಲೇ ರದ್ದು ಮಾಡ್ತೀನಿ ಸರ್" ಎಂದರು. ತಾಸ್ಯೋನ ಬೆನ್ನ ಮೇಲೇ ಕಾಗದವಿಟ್ಟು, ಸಮೀಕ್ಷೆ ದೋಷಪೂರಿತ, ಪಟ್ಟಿ ಪೂರ್ತಿ ಹಿಂದಕ್ಕೆ ಪಡೆದಿದೆ ಎಂದು ಬರೆದು ಸಹಿ ಹಾಕಿದರು. ಕೇರಿ ಶಿಳ್ಳೆ ಹೊಡೆಯಿತು.

"ನಂಬರ್ ಅಳಿಸ್ಬೇಕಲ್ಲ," ಎಂದ ತಾಸ್ಯೋ. "ಕೆಂಪು ಕಂಡ್ರೆ ಇನ್ನೊಂದು ಗ್ಯಾಂಗ್ ಬಂದು ಹೊಡೆದು ಹೋಗುತ್ತೆ. ಅವ್ರಿಗೆ ಓದೋಕೆ ಬರಲ್ಲ."

ವಿಲ್ಯಾಫ್ಲೋರ್ ಸೀಮೆಎಣ್ಣೆ ಡಬ್ಬ, ಚಿಂದಿ ಬಟ್ಟೆ ತರಿಸಿ ಜೋವೆಲಿನ್ ಮುಂದೆ ಚಾಚಿದರು.

"ಉಜ್ಜು. ನೀನೇ ಬರೆದದ್ದು, ನೀನೇ ಉಜ್ಜು. ಇದೊಂದು ಗೋಡೆ ಸಾಕು. ಇಲ್ಲಾಂದ್ರೆ ಈ ವರ್ಷ ನಿಂದಲ್ಲ."

ಅವಳು ಚಿಂದಿ ಬಟ್ಟೆ ನೋಡಿದಳು. ಮೂರು ವರ್ಷ ಆ ಬಟ್ಟೆಯಲ್ಲಿತ್ತು. ಅಪ್ಪನ ಮೂವತ್ತು ಬಲಗಾಲಿನ ಚಪ್ಪಲಿ ಅದರಲ್ಲಿತ್ತು. ಇದೊಂದು ಗೋಡೆ ಸಾಕು, ಕೇರಿಯ ಕೆಂಪು ಹಾಗೇ ಇರಲಿ ಎನ್ನುವಂಥ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು.

"ಉಜ್ಜಲ್ಲ," ಎಂದಳು.

"ಏನಂದೆ?"

"ನಾನು ಬರೆದದ್ದು ಸರಿ ಇದೆ. ಒಂದು ಮಿಲಿಮೀಟರೂ ತಪ್ಪಿಲ್ಲ. ಸರಿಯಾದ್ದನ್ನ ನಾನು ಅಳಿಸಲ್ಲ. ದೋಷ ಅಂತ ಬರೆದು ಸಹಿ ಹಾಕಿದ್ದು ನೀವು. ನೀವೇ ಉಜ್ಜಿ. ಕೊನೆಯಿಂದ ಶುರು ಮಾಡಿ. ಇನ್ನೂರ ಹನ್ನೆರಡರಿಂದ. ನಿಮ್ಮ ಗೋಡೆ ಕೊನೇಲಿ."

ವಿಲ್ಯಾಫ್ಲೋರ್ ಸುತ್ತ ನೋಡಿದರು. ಬಟ್ಟೆಯನ್ನು ಅರ್ನೆಲ್ ಕಡೆ ಚಾಚಿದರು. ಅವನು ಎರಡೂ ಕೈ ಜೇಬಿಗಿಳಿಸಿದ. ಅವನ ಪಕ್ಕದವಳೂ ಇಳಿಸಿದಳು. ನಲವತ್ತು ವಿದ್ಯಾರ್ಥಿಗಳ ಎಂಬತ್ತು ಕೈಗಳು ಜೇಬಿಗೆ ಹೋದವು. ಜೇಬಿಲ್ಲದವರು ಬೆನ್ನ ಹಿಂದೆ ಕಟ್ಟಿಕೊಂಡರು.

ತಾಸ್ಯೋ ಸುತ್ತಿಗೆಯನ್ನು ತೂತಿನ ಬಾಯಿಗೆ ಒರಗಿಸಿ ಅದರ ಪಕ್ಕ ಕುಕ್ಕರಿಸಿದ.

"ಹುಡುಗಿ ಹೇಳೋದು ಸರಿಯಾಗೇ ಇದೆ ಸರ್. ನೀವು ಹೋಗ್ಬನ್ನಿ. ನಾನು ಇಲ್ಲೇ ಇರ್ತೀನಿ. ಅತ್ಲಾಗಿಂದ ಕೆಂಪು ಹೋಗಿದೆ ಅಂತ ಸುದ್ದಿ ಬರೋತನಕ ನನಗೆ ಈ ಒಂದನೇ ನಂಬರ್ ಕಾಣಿಸ್ತಾನೇ ಇರುತ್ತೆ. ಕಂಡ್ರೆ ಕೈ ಸುಮ್ನಿರಲ್ಲ."

ಹಳಿಯ ಮೇಲೆ ಒಂದೂವರೆ ಕಿಲೋಮೀಟರ್ ನಡೆಯಬೇಕಿತ್ತು. ಹಳಿಯಡಿ ಅಡ್ಡ ಹಾಕಿದ ಸ್ಲೀಪರುಗಳ ನಡುವಿನ ಅಂತರ ಮನುಷ್ಯನ ಹೆಜ್ಜೆಗೆ ಹೊಂದುವುದಿಲ್ಲ. ಒಂದನ್ನು ತುಳಿದರೆ ಹೆಜ್ಜೆ ಚಿಕ್ಕದು, ಎರಡನ್ನು ದಾಟಿದರೆ ದೊಡ್ಡದು. ವಿಲ್ಯಾಫ್ಲೋರರ ಪುಸ್ತಕದಲ್ಲಿ ಆ ಅಂತರ ಮಿಲಿಮೀಟರಿನಲ್ಲಿ ಇತ್ತು, ಕಾಲು ನೋಯುವುದು ಇರಲಿಲ್ಲ. ಡಬ್ಬ ಹಿಡಿದುಕೊಂಡು ಕುಂಟುತ್ತ ನಡೆದರು. ಜಲ್ಲಿಯ ಮೇಲೆ ಎರಡು ಸಲ ಮುಗ್ಗರಿಸಿದರು. ಜೋವೆಲಿನ್ ಹಿಂದಿನಿಂದ ನಡೆದಳು. ತೆರವಿನವರು ಮತ್ತೆ ಬರುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಇನ್ನೊಂದು ಪಟ್ಟಿ, ಇನ್ನೊಂದು ಬಣ್ಣ. ವಿಲ್ಯಾಫ್ಲೋರ್ ಅವಳ ವರ್ಷವನ್ನೂ ಸುಮ್ಮನೆ ಬಿಡುವುದಿಲ್ಲ. ಗೊತ್ತಿದ್ದೂ ಅವಳಿಗೆ ಓಡಿ ಕುಣಿಯಬೇಕೆನಿಸುತ್ತಿತ್ತು.

ವಿಲ್ಯಾಫ್ಲೋರ್ 212ರ ಮುಂದೆ ಮಂಡಿಯೂರಿದರು. ಬಟ್ಟೆ ಅದ್ದಿ ಉಜ್ಜತೊಡಗಿದರು. ಸೀಮೆಎಣ್ಣೆ ತೋಳಿನಿಂದ ಇಳಿದು ಬಿಳಿ ಅಂಗಿಗೆ ಹತ್ತಿತು. ಬೆವರು ಕಣ್ಣಿಗೆ ಹೋಯಿತು. ಯಾರಾದರೂ ಕಷ್ಟಪಡುವುದು ಕಂಡರೆ ಜೋವೆಲಿನ್‌ಳ ಕೈ ತಾನಾಗಿ ಏಳುತ್ತದೆ, ಹುಟ್ಟಿನಿಂದ ಬಂದದ್ದು. ಈಗಲೂ ಎದ್ದಿತು. ಅವಳು ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತಳು.

ಅಮ್ಮ ಬಾಣಲೆಯಿಂದ ಕಣ್ಣೆತ್ತಿ ನೋಡಿದಳು.

"ಯಾರೇ ಇವನು?"

"ನಮ್ಮ ಮೇಷ್ಟ್ರು."

"ಕೆಲಸ ಗೊತ್ತಿಲ್ಲ ಪಾಪ," ಎಂದು ನೆನಿತಾ ಎದ್ದು ಅವರ ತಲೆಯ ಮೇಲಿಂದ ಬಾಗಿ ಬಾಗಿಲನ್ನು ಪರೀಕ್ಷಿಸಿದಳು. "ಹಾಗಲ್ಲಪ್ಪ. ಗುಂಡಗೆ ಉಜ್ಜಬಾರದು, ಹರಡುತ್ತೆ. ಮೇಲಿಂದ ಕೆಳಗೆ ಒತ್ತಿ ಎಳಿ. ಹಾಂ, ಹಾಗೆ. ಮೂಲೇಲಿ ಇನ್ನೂ ಕೆಂಪಿದೆ ನೋಡು. ಅದನ್ನೂ ತೆಗಿ. ಮುಂದಿನದು ಪಾಸಿಂಗಂದು, ಅವಳಿಗೆ ಕೋಪ ಜಾಸ್ತಿ, ಅಲ್ಲಿ ಹೀಗೆಲ್ಲ ಅರೆಬರೆ ಮಾಡ್ಬೇಡ."

"ಆಗ್ಲಿ ತಾಯಿ," ಎಂದರು ಎಂಜಿನಿಯರ್ ವಿಲ್ಯಾಫ್ಲೋರ್, ಮತ್ತು ಬಟ್ಟೆ ಹಿಂಡಿದರು. ಇನ್ನು ಇನ್ನೂರ ಹನ್ನೊಂದು ಬಾಕಿ ಇದ್ದವು.